ಕೆಟ್ಟದ್ದು ರೆಗ್ಯುಲೇಟರೇ ಎಂಬ ನಿಶ್ಚಯ

ಬೈಕಿನ ಬ್ಯಾಟರಿ ಪದೇ ಪದೇ ಇಳಿಯುತ್ತದೆ, ಸೆಲ್ಫ್ ಎತ್ತುವುದಿಲ್ಲ, ಹಾರ್ನ್ ಕ್ಷೀಣವಾಗುತ್ತದೆ. ಕೆಲವು ಬೈಕುಗಳಲ್ಲಿ ಇದರ ತಿರುಗುಮುರುಗು: ಹೆಡ್‌ಲೈಟಿನ ಬಲ್ಬು ಹಾಕಿದಂತೆಲ್ಲ ಹೋಗುತ್ತದೆ, ಬ್ಯಾಟರಿ ಮುಟ್ಟಿದರೆ ಬಿಸಿ, ಸುತ್ತ ಆಸಿಡ್ ವಾಸನೆ. ಎರಡಕ್ಕೂ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ತೀರ್ಪು ಒಂದೇ, ರೆಗ್ಯುಲೇಟರ್ ಹೋಗಿದೆ ಎಂಬುದು. ಈ ತೀರ್ಪು ಎಷ್ಟೋ ಸಲ ನಿಜವಾಗುತ್ತದೆ. ಆದರೆ ಹೇಳಿದ್ದು ನಿಜವಾಗುವುದು ಬೇರೆ, ನಿಜವೆಂದು ತಿಳಿದು ಹೇಳುವುದು ಬೇರೆ. ಭಾರತೀಯ ದರ್ಶನಗಳ ಪ್ರಮಾಣವಿಚಾರ ಬಹುಮಟ್ಟಿಗೆ ಈ ಎರಡರ ನಡುವಿನ ಅಂತರವನ್ನೇ ಕುರಿತದ್ದು. ಕಣ್ಣಿಗೆ ಬಿದ್ದ ಕಾರ್ಯದಿಂದ ಕಣ್ಣಿಗೆ ಬೀಳದ ಕಾರಣವನ್ನು ನಿಶ್ಚಯಿಸಲು ಯಾವಾಗ ಅಧಿಕಾರ ಬರುತ್ತದೆ ಎಂಬ ಪ್ರಶ್ನೆಗೆ ಹೊಗೆ ಮತ್ತು ಬೆಂಕಿ ಹಳೆಯ ಉದಾಹರಣೆ. ಸೀಟಿನ ಕೆಳಗಿನ ರೆಗ್ಯುಲೇಟರ್ ಎಂಬ ಅಲ್ಯೂಮಿನಿಯಂ ಡಬ್ಬಿಯೂ ಅಷ್ಟೇ ಒಳ್ಳೆಯ ಉದಾಹರಣೆಯಾದೀತು.

ಎಂಜಿನ್ನಿನ ಒಂದು ಬದಿಯಲ್ಲಿ ಆಯಸ್ಕಾಂತ ತಿರುಗುತ್ತದೆ. ಅದರೊಳಗೆ ಅಲುಗದೆ ಕೂತ ತಂತಿಯ ಸುರುಳಿಗಳಲ್ಲಿ ಎಸಿ ವಿದ್ಯುತ್ತು ಹುಟ್ಟುತ್ತದೆ. ಸ್ಟೇಟರ್ ಎಂಬ ಈ ಭಾಗ ಮೆಕ್ಯಾನಿಕ್ಕುಗಳ ಬಾಯಲ್ಲಿ ಕಾಯಿಲ್ ಪ್ಲೇಟ್. ಎಂಜಿನ್ ವೇಗ ಹೆಚ್ಚಿದಂತೆ ಅದರ ವೋಲ್ಟೇಜೂ ಏರುತ್ತದೆ, ಬ್ಯಾಟರಿಯಾದರೋ ಸುಮಾರು 14.5 ವೋಲ್ಟಿಗಿಂತ ಹೆಚ್ಚು ಸಹಿಸದು. ನಡುವೆ ಕೂತ ರೆಗ್ಯುಲೇಟರ್-ರೆಕ್ಟಿಫೈಯರಿಗೆ ಎರಡು ಕೆಲಸ: ಡಯೋಡುಗಳಿಂದ ಎಸಿಯನ್ನು ಡಿಸಿ ಮಾಡುವುದು, ಮಿತಿ ಮೀರಿದ್ದನ್ನು ತಡೆಯುವುದು. ಸಾಮಾನ್ಯವಾಗಿ ಕಾಣುವ ಶಂಟ್ ಮಾದರಿಯಲ್ಲಿ ಥೈರಿಸ್ಟರುಗಳು ಕಾಯಿಲಿನ ತಂತಿಗಳನ್ನು ಕ್ಷಣಕ್ಷಣಕ್ಕೂ ಶಾರ್ಟ್ ಮಾಡಿ ಹೆಚ್ಚುವರಿಯನ್ನು ಮರಳಿಸುತ್ತವೆ. ಆಗ ಡಬ್ಬಿ ಕಾಯುತ್ತದೆ. ಅದರ ಬೆನ್ನಿನ ಮೇಲೆ ರೆಕ್ಕೆಗಳಿರುವುದು ಆ ಶಾಖವನ್ನು ಗಾಳಿಗೆ ಬಿಡಲು. ಥೈರಿಸ್ಟರ್ ಶಾರ್ಟ್ ಆಗಿಯೇ ಉಳಿದರೆ ಚಾರ್ಜ್ ಬರುವುದಿಲ್ಲ, ತೆರೆದುಕೊಂಡೇ ಉಳಿದರೆ ಚಾರ್ಜ್ ಮಿತಿ ಮೀರುತ್ತದೆ. ಡಯೋಡ್ ಸೋರಿದರೆ ಬೈಕ್ ನಿಂತಲ್ಲೇ ರಾತ್ರಿಯಿಡೀ ಬ್ಯಾಟರಿ ಬರಿದಾಗುತ್ತದೆ. ಹೀಗೆ ಒಂದೇ ವಸ್ತುವಿನ ದೋಷ ಪರಸ್ಪರ ವಿರುದ್ಧವಾದ ಲಕ್ಷಣಗಳನ್ನು ಕೊಡಬಲ್ಲದು.

ಲಕ್ಷಣ ಕಾಣುವುದು ಬ್ಯಾಟರಿಯಲ್ಲಿ, ಬಲ್ಬಿನಲ್ಲಿ. ದೋಷ ಇರುವುದು ಇನ್ನೆಲ್ಲೋ. ಇದು ತರ್ಕಶಾಸ್ತ್ರದ ಒಂದು ಹಳೆಯ ಜಗಳಕ್ಕೆ ನೇರ ತಾಗುತ್ತದೆ. ನ್ಯಾಯದರ್ಶನದವರಾದ ನೈಯಾಯಿಕರ ಪ್ರಕಾರ ಅನುಮಾನಕ್ಕೆ ಹೇತು (ಗುರುತು) ಪಕ್ಷದಲ್ಲಿಯೇ (ವಿಚಾರಕ್ಕೆ ಬಂದ ಸ್ಥಳದಲ್ಲಿಯೇ) ಇರಬೇಕು: ಬೆಟ್ಟದಲ್ಲಿ ಬೆಂಕಿ ಇದೆ ಎನ್ನಬೇಕಾದರೆ ಹೊಗೆ ಆ ಬೆಟ್ಟದ ಮೇಲೆಯೇ ಕಾಣಬೇಕು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆ ಇದನ್ನು ಒಪ್ಪಲಿಲ್ಲ. ಜಯತೀರ್ಥರ ‘ಪ್ರಮಾಣಪದ್ಧತಿ’ ಹೇಳುವಂತೆ ಹೇತುವಿಗೂ ಸಾಧ್ಯಕ್ಕೂ (ಸಾಧಿಸಬೇಕಾದದ್ದಕ್ಕೂ) ತಪ್ಪದ ಸಂಬಂಧ, ಅಂದರೆ ವ್ಯಾಪ್ತಿ, ಇರಬೇಕು. ಹೇತು ತನಗೆ ತಕ್ಕ ಸ್ಥಳದಲ್ಲಿ ಇದ್ದರೆ ಸಾಕು. ಅದಕ್ಕೆ ಕೊಡುವ ನಿದರ್ಶನ ನದಿಯದು: ಕೆಳಗೆ ಹೊಳೆ ಉಕ್ಕಿದ್ದನ್ನು ಕಂಡು ಮೇಲೆ ಮಳೆಯಾಗಿದೆ ಎಂದು ತಿಳಿಯುತ್ತೇವೆ, ನೆರೆ ಇಲ್ಲಿ, ಮಳೆ ಅಲ್ಲಿ. ಕುಂದಾಪುರದ ಬಳಿಯ ಬಂದರು ಊರಾದ ಗಂಗೊಳ್ಳಿಯವರಿಗೆ ಈ ನಿದರ್ಶನವನ್ನು ಬಿಡಿಸಿ ಹೇಳಬೇಕಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿಯ ಅಳಿವೆಯಲ್ಲಿ ಕೆಂಪು ನೀರು ಇಳಿದು ಬಂದರೆ, ಊರಿನಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಮಳೆ ಹೊಡೆದಿದೆ ಎಂದೇ ಲೆಕ್ಕ. ಬ್ಯಾಟರಿಯನ್ನು ನೋಡಿ ರೆಗ್ಯುಲೇಟರಿನ ಮಾತಾಡುವುದೂ ಇದೇ ಜಾತಿಯ ಅನುಮಾನ. ಸ್ಥಳ ಬೇರೆ ಎಂಬುದರಿಂದ ಅದು ಕೆಡುವುದಿಲ್ಲ. ಕೆಡುವುದು ವ್ಯಾಪ್ತಿ ತಪ್ಪಿದರೆ.

ವ್ಯಾಪ್ತಿ ಇಲ್ಲಿ ಸುಲಭವಾಗಿ ತಪ್ಪುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಸರಿ, ಬೆಂಕಿಯಿದ್ದಲ್ಲಿ ಹೊಗೆ ಎಂಬುದು ಸರಿಯಲ್ಲ. ಹೊಗೆ ಬರಲು ಸೌದೆ ಹಸಿಯಿರಬೇಕು. ತಾರ್ಕಿಕರು ಈ ಹಸಿ ಸೌದೆಯನ್ನು ಉಪಾಧಿ ಎನ್ನುತ್ತಾರೆ. ರೆಗ್ಯುಲೇಟರ್ ಸತ್ತರೆ ಬ್ಯಾಟರಿ ಇಳಿಯುತ್ತದೆ ಎಂಬುದನ್ನು ತಿರುಗಿಸಿ, ಬ್ಯಾಟರಿ ಇಳಿದಿದೆ, ಆದ್ದರಿಂದ ರೆಗ್ಯುಲೇಟರ್ ಸತ್ತಿದೆ ಎಂದಾಗ ಆಗುವ ತಪ್ಪೂ ಇದೇ. ಬ್ಯಾಟರಿಗೇ ವಯಸ್ಸಾಗಿರಬಹುದು. ಕಾಯಿಲ್ ಸುಟ್ಟಿರಬಹುದು. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಓಡುವಾಗಲೆಲ್ಲ ಉರಿಯುತ್ತದೆ. ಬಂದರಿನಿಂದ ಪೇಟೆಗೆ, ಪೇಟೆಯಿಂದ ಮನೆಗೆ ಎಂದು ಗಳಿಗೆಗೊಮ್ಮೆ ನಿಲ್ಲಿಸಿ ಸೆಲ್ಫ್ ಒತ್ತುವ ಬೈಕಿನಲ್ಲಿ ಯಾವ ಭಾಗವೂ ಕೆಡದೆಯೇ ಬ್ಯಾಟರಿ ಸೊರಗಬಹುದು. ಇನ್ನು ಕಡಲ ಕರೆಯ ಊರುಗಳಿಗೆ ವಿಶೇಷವಾದದ್ದು ಕಿಲುಬು. ಉಪ್ಪು ಗಾಳಿಯೂ ಮೀನಿನ ಪೆಟ್ಟಿಗೆಯಿಂದ ತೊಟ್ಟಿಕ್ಕುವ ನೀರೂ ಸೇರಿ ಕಪ್ಲರಿನೊಳಗಿನ ಹಿತ್ತಾಳೆ ಪಿನ್ನುಗಳಿಗೆ ಹಸಿರು ಹಿಡಿಸುತ್ತವೆ, ಚಾಸಿಗೆ ಬಿಗಿದ ಅರ್ಥ್ ವೈರಿನ ಬುಡದಲ್ಲಿ ತುಕ್ಕು ಕೂರಿಸುತ್ತವೆ. ಕಿಲುಬು ಹಿಡಿದ ಪಿನ್ನು ಕಾಯುತ್ತದೆ, ಕಾದು ಸುತ್ತಲಿನ ಪ್ಲಾಸ್ಟಿಕ್ಕನ್ನು ಕಂದಾಗಿಸುತ್ತದೆ. ಅಂಥ ಕಪ್ಲರನ್ನು ಬಿಚ್ಚಿದವನಿಗೆ ಅರ್ಧ ಉತ್ತರ ಕೈಯಲ್ಲೇ ಸಿಕ್ಕಿದಂತೆ.

ಆದ್ದರಿಂದ ಪರೀಕ್ಷೆಗೆ ಒಂದು ಕ್ರಮ ಬೇಕು, ಮೊದಲ ಸರದಿ ಬ್ಯಾಟರಿಯದು. ಸುಮಾರು ಹೊತ್ತು ನಿಂತ ಬೈಕಿನಲ್ಲಿ ಅದು 12.6 ವೋಲ್ಟಿನ ಆಸುಪಾಸು ಇರಬೇಕು. ತೀರ ಇಳಿದಿದ್ದರೆ ಹೊರಗಿನಿಂದ ಚಾರ್ಜ್ ಮಾಡಿಯೇ ಮುಂದುವರಿಯಬೇಕು, ಏಕೆಂದರೆ ಸತ್ತ ಬ್ಯಾಟರಿ ಮುಂದಿನ ಎಲ್ಲ ಅಳತೆಗಳನ್ನೂ ಕೆಡಿಸುತ್ತದೆ. ಎಂಜಿನ್ ಚಾಲೂ ಮಾಡಿ ನಾಲ್ಕೈದು ಸಾವಿರ ಆರ್‌ಪಿಎಂಗೆ ಏರಿಸಿದಾಗ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.5 ಕಂಡರೆ ಚಾರ್ಜಿಂಗ್ ಸರಿಯಿದೆ. 15 ದಾಟಿದರೆ ಸಂಶಯ ರೆಗ್ಯುಲೇಟರಿನ ಮೇಲೆ ಬಲವಾಗುತ್ತದೆ. ಆದರೆ ವೋಲ್ಟೇಜನ್ನು ಬೇರೆ ಸೆನ್ಸ್ ವೈರಿನಿಂದ ಓದುವ ಮಾದರಿಗಳಲ್ಲಿ ಆ ವೈರಿನ ಸಡಿಲು ಜೋಡಣೆಯೂ ಇದನ್ನೇ ಮಾಡಬಲ್ಲದು: ಅಲ್ಲಿ ಕಡಿಮೆ ಕಾಣುವುದರಿಂದ ಡಬ್ಬಿ ಹೆಚ್ಚು ಕೊಡುತ್ತದೆ. 13ಕ್ಕಿಂತ ಕೆಳಗೇ ಉಳಿದರೆ ಇನ್ನೂ ಏನೂ ಸಿದ್ಧವಾಗಿಲ್ಲ. ಆಗ ಕಾಯಿಲ್ ಪ್ಲೇಟಿನ ಕಪ್ಲರ್ ಬಿಚ್ಚಬೇಕು. ಮೂರು ಫೇಸಿನದಾದರೆ ಸಾಮಾನ್ಯವಾಗಿ ಮೂರು ಹಳದಿ ವೈರುಗಳಿರುತ್ತವೆ. ಎರಡೆರಡರ ನಡುವೆ ಎಸಿ ಅಳೆದರೆ ಮೂರೂ ಜೋಡಿ ಹೆಚ್ಚುಕಡಿಮೆ ಒಂದೇ ಸಮ ಬರಬೇಕು, ಆಕ್ಸಿಲರೇಟರ್ ತಿರುಗಿಸಿದಂತೆ ಏರಬೇಕು. ಎಂಜಿನ್ ನಿಲ್ಲಿಸಿ ನೋಡಿದರೆ ಯಾವ ವೈರಿಗೂ ಎಂಜಿನ್ನಿನ ಮೈಗೂ ಸಂಪರ್ಕ ಇರಕೂಡದು. ಕೊನೆಗೆ, ಎಂಜಿನ್ ಓಡುತ್ತಿರುವಾಗ ರೆಗ್ಯುಲೇಟರಿನ ಮೈಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಡಿಸಿ ಅಳೆಯಬೇಕು. ಅಲ್ಲಿ ಅರ್ಧ ವೋಲ್ಟ್ ಕಂಡರೆ ದೋಷ ಅರ್ಥಿನದು, ಡಬ್ಬಿಯದಲ್ಲ.

ಬ್ಯಾಟರಿ ಅಲ್ಲ, ಕಾಯಿಲ್ ಅಲ್ಲ, ಅರ್ಥ್ ಅಲ್ಲ, ಹಾಗಾಗಿ ರೆಗ್ಯುಲೇಟರ್ ಎಂದು ಹೇಳುವುದು ಶಾಸ್ತ್ರದಲ್ಲಿ ಪರಿಶೇಷಾನುಮಾನ, ಕಳೆದು ಉಳಿದದ್ದನ್ನು ಹಿಡಿಯುವ ದಾರಿ. ಇದರ ಬಲವೆಲ್ಲ ಮೊದಲು ಮಾಡಿದ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ಫ್ಯೂಸಿನ ಹೋಲ್ಡರನ್ನೋ ಇಗ್ನಿಷನ್ ಸ್ವಿಚ್ಚನ್ನೋ ಮರೆತಿದ್ದರೆ ನಿರ್ದೋಷಿಯೇ ಉಳಿದುಬಿಡುತ್ತಾನೆ. ಮಧ್ವರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರು ಪ್ರಮಾಣಗಳನ್ನು ಒಪ್ಪಿ ಮೂರಕ್ಕೂ ನಿರ್ದೋಷ ಎಂಬ ಒಂದೇ ವಿಶೇಷಣ ಹಚ್ಚಿದ್ದು ಇಂಥಲ್ಲಿ ಅರ್ಥವಾಗುತ್ತದೆ. ಕಂಪನಿಯ ಸರ್ವಿಸ್ ಪುಸ್ತಕ ಆಗಮದಂತೆ ನಂಬತಕ್ಕ ಆಪ್ತವಾಕ್ಯವೇ ಹೌದು, ಆ ಮಾದರಿಯ ಬೈಕಿಗೆ ಮಾತ್ರ. ಒಂದರ ಪುಸ್ತಕದ ಅಂಕಿಗಳನ್ನು ಇನ್ನೊಂದಕ್ಕೆ ಹಿಡಿದರೆ ಪುಸ್ತಕ ಸುಳ್ಳಾಗುವುದಿಲ್ಲ, ಓದಿದ್ದು ಸುಳ್ಳಾಗುತ್ತದೆ.

ಬದಲಿಸುವ ಕೆಲಸ ದೊಡ್ಡದಲ್ಲ. ಬ್ಯಾಟರಿಯ ನೆಗೆಟಿವ್ ಮೊದಲು ಕಳಚಬೇಕು. ಹೊಸದರ ಫೇಸು, ವೈರುಗಳ ಲೆಕ್ಕ, ಕಪ್ಲರಿನ ಆಕಾರ ಮೂರೂ ಹಳೆಯದಕ್ಕೆ ಹೊಂದಬೇಕು. ಹೊಂದದ್ದನ್ನು ವೈರ್ ಕತ್ತರಿಸಿ ಟೇಪು ಸುತ್ತಿ ಕೂರಿಸುವ ಅಭ್ಯಾಸ ಮುಂದಿನ ಮಳೆಗಾಲಕ್ಕೆ ಹೊಸ ಕಿಲುಬನ್ನು ಆಹ್ವಾನಿಸುತ್ತದೆ. ಡಬ್ಬಿ ಕೂರುವ ಜಾಗವನ್ನು ಲೋಹ ಕಾಣುವವರೆಗೆ ಉಜ್ಜಬೇಕು. ಶಾಖ ಹೋಗುವುದೂ, ಹಲವು ಬೈಕುಗಳಲ್ಲಿ ಅರ್ಥ್ ಸಿಗುವುದೂ ಅಲ್ಲಿಂದಲೇ.

ಹೊಸದು ಹಾಕಿದ ಮೇಲೆ 14.2 ಬಂತು ಎಂದಿಟ್ಟುಕೊಳ್ಳೋಣ. ಹಳೆಯದೇ ಕೆಟ್ಟಿತ್ತು ಎಂಬುದು ಇದರಿಂದ ಸಿದ್ಧವಾಯಿತೇ? ಇದ್ದಾಗ ಇರುವುದು, ಇಲ್ಲದಾಗ ಇಲ್ಲದಿರುವುದು ಎಂಬ ಅನ್ವಯ-ವ್ಯತಿರೇಕ ಇಲ್ಲಿ ಪೂರ್ಣವಾದಂತೆ ತೋರುತ್ತದೆ, ಆಗಿಲ್ಲ. ಡಬ್ಬಿಯ ಜೊತೆಗೆ ಕಪ್ಲರ್ ಬಿಚ್ಚಿ ಹಾಕಿದ್ದಾಗಿದೆ, ತುಕ್ಕು ಉಜ್ಜಿದ್ದಾಗಿದೆ. ಬದಲಾದದ್ದು ಒಂದಲ್ಲ. ಶುದ್ಧ ವ್ಯತಿರೇಕ ಬೇಕಿದ್ದರೆ ಹಳೆಯದನ್ನೇ ಮತ್ತೆ ಸಿಕ್ಕಿಸಿ ದೋಷ ಮರಳುತ್ತದೆಯೇ ನೋಡಬೇಕು. ಸರದಿ ಕಾಯುವ ಗ್ಯಾರೇಜಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಅದಕ್ಕಿಂತ ಸುಲಭ, ಹೊಸದನ್ನು ಕೊಳ್ಳುವ ಮೊದಲೇ ಕಪ್ಲರನ್ನೂ ಅರ್ಥನ್ನೂ ಶುಚಿ ಮಾಡಿ ಇನ್ನೊಮ್ಮೆ ಅಳೆಯುವುದು. ಹಾಗೆ ಉಳಿಯುವ ರೆಗ್ಯುಲೇಟರುಗಳು ಕಡಿಮೆಯೇನಲ್ಲ.

ಇದರಾಚೆ ಇನ್ನೊಂದು ಮೆಟ್ಟಿಲಿದೆ. ಅಳೆದ ಮೀಟರನ್ನು ನಂಬುವುದು ಹೇಗೆ? ಇದು ಬರಿಯ ವಾದದ ಪ್ರಶ್ನೆಯಲ್ಲ: ತನ್ನೊಳಗಿನ ಬ್ಯಾಟರಿ ಇಳಿದಾಗ ಹಲವು ಡಿಜಿಟಲ್ ಮೀಟರುಗಳು ಇದ್ದುದಕ್ಕಿಂತ ಹೆಚ್ಚು ವೋಲ್ಟೇಜ್ ತೋರಿಸುತ್ತವೆ, ಸರಿಯಾದ ರೆಗ್ಯುಲೇಟರಿನ ಮೇಲೆ ಅಪವಾದ ಬರುತ್ತದೆ. ಮೀಟರಿಗೆ ಇನ್ನೊಂದು ಮೀಟರಿನ ಸಾಕ್ಷಿ, ಅದಕ್ಕೆ ಮತ್ತೊಂದರದು ಎಂದು ಹೊರಟರೆ ಕೊನೆಯಿಲ್ಲ, ಇದೇ ಅನವಸ್ಥೆ. ಜ್ಞಾನ ನಿಜವೆಂಬುದು ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದಾಗ ತಿಳಿಯುತ್ತದೆ ಎಂಬುದು ನ್ಯಾಯಮತ. ಬೈಕ್ ಓಡಿತು, ಬ್ಯಾಟರಿ ನಿಂತಿತು, ತೀರ್ಪು ಸರಿ. ಮಧ್ವರ ಅನುಯಾಯಿಗಳಾದ ದ್ವೈತಿಗಳು ಇದರಲ್ಲಿ ಹಿಡಿದ ದೋಷ, ಫಲಿಸಿತು ಎಂಬುದೂ ಒಂದು ಜ್ಞಾನವೇ, ಅದಕ್ಕೂ ಇನ್ನೊಂದು ಫಲ ಬೇಕಾಗುತ್ತದೆ ಎಂಬುದು. ನೈಯಾಯಿಕರನ್ನು ಎದುರಿಸಲೆಂದೇ ‘ತರ್ಕತಾಂಡವ’ ಬರೆದ ವ್ಯಾಸತೀರ್ಥರ ಪರಂಪರೆಯಲ್ಲಿ ಈ ಸರಣಿ ಸಾಕ್ಷಿಯಲ್ಲಿ ನಿಲ್ಲುತ್ತದೆ. ಸಾಕ್ಷಿ ಎಂದರೆ ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ. ಸುಖದುಃಖಗಳನ್ನು ನೇರ ಅರಿಯುವಂತೆ ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ, ಅಂದರೆ ಅದು ನಿಜವೆಂಬುದನ್ನೂ, ಅದು ನೇರ ಅರಿಯುತ್ತದೆ. ಪರೀಕ್ಷೆ ಬೇಕಾಗುವುದು ಪ್ರಾಮಾಣ್ಯವನ್ನು ಹುಟ್ಟಿಸಲಿಕ್ಕಲ್ಲ, ದೋಷದ ಶಂಕೆ ಎದ್ದಾಗ ಅದನ್ನು ಕಳೆಯಲಿಕ್ಕೆ. ಶಂಕೆ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದಕ್ಕೆ ನೈಯಾಯಿಕನಾದ ಉದಯನನೇ ಒಂದು ಗಡಿ ಹಾಕಿದ್ದಾನೆ: ಶಂಕಿಸುವವನ ಸ್ವಂತ ನಡತೆಗೆ ವಿರೋಧ ಬರುವವರೆಗೆ. ಮೀಟರನ್ನು ನಂಬಲಾರೆ ಎನ್ನುತ್ತಲೇ ಅದರ ಅಂಕಿ ನೋಡಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೊರಟವನಿಗೆ ಆ ಶಂಕೆ ನಿಜವಾಗಿ ಇಲ್ಲ.

ಈ ಎರಡು ಮತಗಳಲ್ಲಿ ದ್ವೈತಿಗಳ ನಿಲುವು ಕೆಲಸದ ಬೆಂಚಿಗೆ ಹೆಚ್ಚು ಹತ್ತಿರ. ಬಿಸಿಯಾದಾಗ ಮಾತ್ರ ಕೈಕೊಡುವ ರೆಗ್ಯುಲೇಟರುಗಳಿವೆ: ತಣ್ಣಗಿದ್ದಾಗ 14.2, ಗಂಗೊಳ್ಳಿಯಿಂದ ತ್ರಾಸಿಗೆ ಹೋಗಿ ಹೆದ್ದಾರಿ ಹಿಡಿದು ಕುಂದಾಪುರ ಮುಟ್ಟುವ ಹೊತ್ತಿಗೆ 12.8. ನಿಲ್ಲಿಸಿ ಅಳೆದಾಗ ಫಲಿಸಿದ ತೀರ್ಪು ದಾರಿಯಲ್ಲಿ ಸುಳ್ಳಾಗುತ್ತದೆ. ಫಲವನ್ನೇ ಸಾಕ್ಷ್ಯ ಮಾಡಿದರೆ ಯಾವ ಫಲ ಕೊನೆಯದು ಎಂದು ಹೇಳುವಂತಿಲ್ಲ. ದೋಷದ ಶಂಕೆ ಎಲ್ಲಿ ಉಳಿದಿದೆ ಎಂದು ಕೇಳಿದರೆ ಮುಂದಿನ ಕೆಲಸ ತಾನೇ ಗೊತ್ತಾಗುತ್ತದೆ: ಅರ್ಧ ಗಂಟೆ ಓಡಿಸಿ, ಡಬ್ಬಿ ಬಿಸಿಯಿರುವಾಗಲೇ, ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮತ್ತೆ ಅಳೆಯುವುದು. ಹೊಸದನ್ನು ಹಾಕಿದ ಮೇಲೂ ಇದೇ ಅಳತೆ ಬೇಕು.