ಬೀದಿಮರದ ಒಡೆತನ

ಪಟ್ಟಣದ ಬೀದಿಯಂಚಿನಲ್ಲಿ ನಿಂತ ಮರ ಯಾರದು ಎಂಬ ಪ್ರಶ್ನೆಗೆ ಉತ್ತರ ಸುಲಭವೆಂದು ತೋರುತ್ತದೆ. ಬೀದಿ ಪುರಸಭೆಯದಾದ ಮೇಲೆ ಬೀದಿಯ ಮರವೂ ಪುರಸಭೆಯದೇ ಎಂದು ಯಾರು ಬೇಕಾದರೂ ಹೇಳಿಯಾರು. ಆದರೆ ಆ ಮರದ ಸುಖವನ್ನು ಉಣ್ಣುವವರು ಯಾರು, ಅದರ ಉಪದ್ರವವನ್ನು ತಾಳುವವರು ಯಾರು, ಅದನ್ನು ಕಡಿಸುವ ಅಧಿಕಾರವುಳ್ಳವರು ಯಾರು ಎಂದು ಬೇರೆಬೇರೆಯಾಗಿ ವಿಚಾರಿಸುತ್ತ ಹೋದರೆ, ಈ ಮೂವರೂ ಒಬ್ಬರೇ ಅಲ್ಲವೆಂಬುದೂ, ಸಾರ್ವಜನಿಕ ವೃಕ್ಷಗಳ ಸಂಕಟದಲ್ಲಿ ಬಹುಪಾಲು ಈ ಭಿನ್ನತೆಯಿಂದಲೇ ಹುಟ್ಟಿದುದೆಂಬುದೂ ಕಂಡುಬರುತ್ತದೆ.

ತೇರದಾಳದಂಥ ಊರನ್ನೇ ತೆಗೆದುಕೊಳ್ಳಿರಿ. ಕೃಷ್ಣೆಯ ನೀರು ಕುಡಿದ ಕಬ್ಬು ಅರಿಷಿಣಗಳ ಹೊಲಗಳು ಸುತ್ತಲೂ ಹಸುರಾಗಿದ್ದರೂ ಊರೊಳಗಿನ ಬಿಸಿಲು ಬಯಲುಸೀಮೆಯ ಬಿಸಿಲೇ. ಚೈತ್ರ ವೈಶಾಖಗಳ ನಡುಹಗಲಿನಲ್ಲಿ ಸಂತೆಗೆ ಬಂದ ಮುದುಕಿ, ಜಮಖಂಡಿಯ ಬಸ್ಸಿಗೆ ಕಾದು ನಿಂತ ವಿದ್ಯಾರ್ಥಿ, ರಬಕವಿ ಬನಹಟ್ಟಿಗಳ ಸೀರೆಯ ಗಂಟನ್ನು ಇಳಿಸಿ ದಣಿವಾರಿಸಿಕೊಳ್ಳುವ ವ್ಯಾಪಾರಿ, ಬಾಳೆಹಣ್ಣಿನ ಕೈಗಾಡಿಯವನು, ಇವರೆಲ್ಲರಿಗೂ ಬೇವಿನ ಗಿಡದ ನೆರಳೊಂದೇ ಛಾವಣಿ. ಇವರಲ್ಲಿ ಯಾರೊಬ್ಬರ ಮನೆಯೂ ಆ ಗಿಡದ ಎದುರಿಗಿಲ್ಲ. ಎದುರು ಮನೆಯವನ ಪಾಲಿಗೆ ಬರುವುದು ಗಟಾರವನ್ನು ತುಂಬುವ ಎಲೆ, ಅಂಗಳಕ್ಕೆ ಬೀಳುವ ಹಕ್ಕಿಗಳ ಹಿಕ್ಕೆ, ಕಟ್ಟೆಯನ್ನು ಸೀಳುವ ಬೇರು. ಅಂಗಡಿಕಾರನಾಗಿದ್ದರೆ ಅವನ ಫಲಕವನ್ನು ಮರೆಮಾಡುವ ಕೊಂಬೆ. ನೆರಳು ನೂರು ಜನಕ್ಕೆ ಹಂಚಿಹೋಗುತ್ತದೆ, ಕಸ ಒಬ್ಬನ ಬಾಗಿಲಲ್ಲಿ ಬೀಳುತ್ತದೆ. ಆದುದರಿಂದ ಗಿಡವನ್ನು ತೆಗೆಸಬೇಕೆಂದು ಕಚೇರಿಗೆ ಅರ್ಜಿ ಬರೆಯುವವನು ಅವನೊಬ್ಬನೇ. ಅದು ಇರಲಿ ಎಂದು ಅರ್ಜಿ ಬರೆಯುವುದು ಆ ನೂರು ಜನರಲ್ಲಿ ಒಬ್ಬರಿಗೂ ಹೊಳೆಯುವುದಿಲ್ಲ. ಮರವೊಂದರ ಕಡತದಲ್ಲಿ ಹೀಗೆ ದೂರುಗಳು ಮಾತ್ರ ಸೇರುತ್ತವೆ, ಕೃತಜ್ಞತೆ ಎಂದೂ ದಾಖಲಾಗುವುದಿಲ್ಲ. ಅರ್ಜಿದಾರನನ್ನು ದುಷ್ಟನೆಂದು ಬೈದು ಪ್ರಯೋಜನವಿಲ್ಲ. ಅವನ ತೊಂದರೆ ನಿಜವಾದುದು. ಊರೇ ಉಣ್ಣುವ ಸುಖದ ಬೆಲೆಯನ್ನು ಅವನೊಬ್ಬನಿಂದ ವಸೂಲು ಮಾಡುವುದು ಅನ್ಯಾಯವೂ ಹೌದು. ಎಲೆ ಗುಡಿಸುವವರನ್ನು ಕಳುಹಿಸದ ಪುರಸಭೆ ಮರವನ್ನು ಪ್ರೀತಿಸಿರೆಂದು ಅವನಿಗೆ ಉಪದೇಶ ಮಾಡುವ ಅಧಿಕಾರವನ್ನು ಕಳೆದುಕೊಂಡಿರುತ್ತದೆ.

ಹಾಗಾದರೆ ಅಧಿಕಾರ ಯಾರದು? ಒಡೆತನವೆಂದರೆ ಇಚ್ಛೆ ಬಂದಂತೆ ಬಳಸುವ, ಬೇಡವಾದಾಗ ನಾಶಪಡಿಸುವ ಹಕ್ಕು ಎಂದು ಲೋಕರೂಢಿ. ಈ ಅರ್ಥದಲ್ಲಿ ಬೀದಿಮರಕ್ಕೆ ಒಡೆಯರೇ ಇಲ್ಲವೆಂದು ನಾನು ವಾದಿಸುತ್ತೇನೆ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ತೇರದಾಳವು 1948ರವರೆಗೆ ಪಟವರ್ಧನರ ಸಾಂಗಲಿ ಸಂಸ್ಥಾನದಲ್ಲಿದ್ದು, ವಿಲೀನದಿಂದ ಮುಂಬಯಿ ಪ್ರಾಂತಕ್ಕೆ ಬಂದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿ, 1997ರಲ್ಲಿ ವಿಜಾಪುರದಿಂದ ಬೇರ್ಪಟ್ಟ ಹೊಸ ಜಿಲ್ಲೆಯ ಪಾಲಾಯಿತು. ಸಂಸ್ಥಾನದ ಕಡೆಯ ದಿನಗಳಲ್ಲಿ ಯಾರೋ ನೆಟ್ಟ ಬೇವಿನ ಸಸಿಯೊಂದು ಉಳಿದು ಬಂದಿದ್ದರೆ, ಅದು ಇಷ್ಟು ಸರಕಾರಗಳನ್ನೂ ಅವುಗಳ ಮುದ್ರೆಗಳನ್ನೂ ದಾಟಿ ನಿಂತಿರುತ್ತದೆ. ಐದು ವರ್ಷದ ಅವಧಿಗೆ ಆರಿಸಿ ಬಂದ ಸದಸ್ಯನೂ ಮೂರು ವರ್ಷಕ್ಕೆ ವರ್ಗವಾಗುವ ಅಧಿಕಾರಿಯೂ ಅಂಥ ಮರದ ಒಡೆಯರೆಂದು ಹೇಳಿಕೊಳ್ಳುವುದು ನಗೆಪಾಟಲಿನ ಮಾತು. ಅವರಿಗಿರುವುದು ಸ್ವಾಮ್ಯವಲ್ಲ, ನ್ಯಾಸ. ಗುಡಿಯ ಧರ್ಮದರ್ಶಿಗೆ ದೇವರ ಆಭರಣಗಳ ಮೇಲೆ ಇರುವಷ್ಟೇ ಅಧಿಕಾರ, ಅಷ್ಟೇ ಹೊಣೆ.

ಈ ವಿಚಾರ ನಮಗೆ ಪರಕೀಯವಾದುದೇನೂ ಅಲ್ಲ. ರಟ್ಟರ ಆಳ್ವಿಕೆಯ ಕಾಲದಲ್ಲಿ ಮಾಂಡಲಿಕನಾದ ಗೊಂಕನು ತೇರದಾಳದಲ್ಲಿ ನೇಮಿನಾಥನ ಬಸದಿಯನ್ನು ಕಟ್ಟಿಸಿ ದತ್ತಿ ಬಿಟ್ಟ ಸಂಗತಿಯನ್ನು ಈ ಊರಿನ ಹನ್ನೆರಡನೆಯ ಶತಮಾನದ ಶಾಸನ ತಿಳಿಸುತ್ತದೆ. ದಾನ ಕೊಡುವವನಿಗೆ ಕೊಟ್ಟುದರ ತೃಪ್ತಿ ಅಂದೇ ದೊರೆಯುತ್ತದೆ. ಅವನ ಚಿಂತೆಯೆಲ್ಲ ತನ್ನ ಕಾಲವಾದ ಮೇಲಿನದು. ಆದುದರಿಂದಲೇ ನಮ್ಮ ದಾನಶಾಸನಗಳ ಕೊನೆಯ ಭಾಗವೆಲ್ಲ ಮುಂದೆ ಬರುವ ಅರಸರನ್ನು ಕುರಿತ ಪ್ರಾರ್ಥನೆ, ಕೆಡಿಸುವವರನ್ನು ಕುರಿತ ಶಾಪ. ತಾನು ಕೊಡುವುದಕ್ಕಿಂತ ಪರರು ಕೊಟ್ಟುದನ್ನು ಪಾಲಿಸುವುದೇ ಹೆಚ್ಚಿನ ಪುಣ್ಯವೆಂಬ ಭಾವ ಅವುಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಕೊಡುವುದು ಒಂದು ದಿನದ ಉತ್ಸಾಹ, ಪಾಲಿಸುವುದು ತಲೆಮಾರುಗಳ ಶಿಸ್ತು ಎಂಬುದನ್ನು ಆ ಕಾಲದವರು ಅರಿತಿದ್ದರು. ನಾವು ಮರಗಳ ವಿಷಯದಲ್ಲಿ ಈ ತಾರತಮ್ಯವನ್ನು ತಲೆಕೆಳಗು ಮಾಡಿದ್ದೇವೆ. 1950ರಲ್ಲಿ ಕನ್ಹಯ್ಯಲಾಲ ಮುನ್ಶಿಯವರು ಆರಂಭಿಸಿದ ವನಮಹೋತ್ಸವ ಸದುದ್ದೇಶದ್ದೇ ಆದರೂ, ನೆಡುವುದಕ್ಕೆ ಹಬ್ಬವುಂಟು, ಕಡಿಯುವುದಕ್ಕೆ ಗುತ್ತಿಗೆಯುಂಟು, ಇವೆರಡರ ನಡುವಿನ ಅರುವತ್ತು ಎಪ್ಪತ್ತು ವರ್ಷಗಳಿಗೆ ಮಾತ್ರ ಹೆಸರೂ ಇಲ್ಲ, ಹಣವೂ ಇಲ್ಲ ಎಂಬ ಸ್ಥಿತಿ ಇಂದು ಒದಗಿದೆ.

ಆ ನಡುವಿನ ಕಾಲದಲ್ಲಿ ಏನಾಗುತ್ತದೆಂಬುದನ್ನು ತುಸು ವಿವರವಾಗಿ ನೋಡಬೇಕು; ಏಕೆಂದರೆ ಬೀದಿಮರ ಸಾಯುವುದು ಕೊಡಲಿಯಿಂದ ಎಂಬುದು ಅರ್ಧಸತ್ಯ. ಮುಂಗಾರಿಗೆ ಮುನ್ನ ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವವರು ತಂತಿಯ ಕಡೆಯದನ್ನು ಮಾತ್ರ ಕಡಿಯುತ್ತಾರೆ. ಅವರಿಗೆ ಒಪ್ಪಿಸಿದ ಕೆಲಸ ತಂತಿಯದೇ ಹೊರತು ಮರದ್ದಲ್ಲ. ಹೀಗೆ ಕೆಲವು ವರ್ಷ ನಡೆದ ಮೇಲೆ ಮರ ಒಂದೇ ಸೊಂಟದ ಮೇಲೆ ತುಂಬಿದ ಕೊಡ ಹೊತ್ತವಳಂತೆ ರಸ್ತೆಯ ಕಡೆಗೆ ವಾಲುತ್ತದೆ. ಕೊಂಬೆ ಕಾಂಡವನ್ನು ಕೂಡುವಲ್ಲಿ ಉಬ್ಬಿದ ಭಾಗವೊಂದಿರುತ್ತದೆ. ಅದನ್ನು ಉಳಿಸಿ, ಅದರ ಹೊರ ಅಂಚಿಗೆ ನುಣುಪಾಗಿ ಕತ್ತರಿಸಿದರೆ ಮರ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೊಳದುದ್ದ ಮೋಟು ಬಿಟ್ಟು ಕಡಿದರೆ ಆ ಮೋಟು ಕೊಳೆತು, ಕೊಳೆ ಕಾಂಡದೊಳಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಗಟಾರಕ್ಕೆಂದು ಒಂದು ಬದಿಯ ಬೇರು, ನೀರಿನ ಕೊಳವೆಗೆಂದು ಇನ್ನೊಂದು ಬದಿಯ ಬೇರು ಹೋಗಿರುತ್ತವೆ. ಉಳಿದ ಮಣ್ಣನ್ನು ಕಾಂಕ್ರೀಟು ಬುಡದವರೆಗೂ ಮುಚ್ಚಿ, ಮಳೆಯ ನೀರೂ ಗಾಳಿಯೂ ಒಳಗಿಳಿಯದಂತೆ ಮಾಡಿರುತ್ತದೆ. ಕಾಂಡಕ್ಕೆ ಹೊಡೆದ ಮೊಳೆಗಳ ಮಾತನ್ನು ನಾನು ಎತ್ತುವುದಿಲ್ಲ. ಹುಟ್ಟುಹಬ್ಬದ ಶುಭಾಶಯಗಳಿಲ್ಲದೆ ನಮ್ಮ ಸಾರ್ವಜನಿಕ ಜೀವನ ನಡೆಯಲಾರದೆಂದು ಕಾಣುತ್ತದೆ. ಒಂದು ಸಂಜೆ ಬಿರುಗಾಳಿಗೆ ಆ ಮರ ಉರುಳಿದರೆ ಮರುದಿನ ಎಲ್ಲರೂ ಹೇಳುವ ಮಾತು ಒಂದೇ: ಹಳೆಯ ಮರಗಳು ಅಪಾಯಕರ. ಅದರ ಕೊಂಬೆಗೆ ಒಂದು ಕಚೇರಿ, ಬೇರಿಗೆ ಇನ್ನೊಂದು, ಬುಡದ ನೆಲಕ್ಕೆ ಮತ್ತೊಂದು, ಕಡಿಯುವ ಅನುಮತಿಗೆ ಮಗುದೊಂದು ಕಚೇರಿಯುಂಟು; ಇಡೀ ಮರವನ್ನು ಒಂದಾಗಿ ನೋಡುವ ಕಣ್ಣು ಮಾತ್ರ ಯಾವ ಕಚೇರಿಯಲ್ಲಿಯೂ ಇಲ್ಲ.

ಗಾಯಕ್ಕೂ ವಧೆಗೂ ಅಂತರವುಂಟು, ಆದರೆ ಗಾಯವೂ ಅಪರಾಧವೇ ಎಂಬ ಸೂಕ್ಷ್ಮವನ್ನು ಕೌಟಿಲ್ಯನು ಗ್ರಹಿಸಿದ್ದನು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಗರಿಗಳಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ, ಪುರದ ಉಪವನಗಳಲ್ಲಿ ಹೂವು ಹಣ್ಣು ನೆರಳುಗಳನ್ನು ಕೊಡುವ ಮರದ ಚಿಗುರನ್ನು ಕತ್ತರಿಸಿದರೆ 6 ಪಣ, ಸಣ್ಣ ಕೊಂಬೆಗೆ 12, ದೊಡ್ಡ ಕೊಂಬೆಗೆ 24, ಕಾಂಡಕ್ಕೆ ಇನ್ನೂ ಹೆಚ್ಚಿನ ದಂಡ ಎಂದು ಮೆಟ್ಟಿಲು ಮೆಟ್ಟಿಲಾಗಿ ವಿಧಿಸಲಾಗಿದೆ. ನೆರಳನ್ನೂ ಹಣ್ಣಿನ ಸಾಲಿನಲ್ಲಿಯೇ ಒಂದು ಫಲವೆಂದು ಎಣಿಸಿದುದು ಇಲ್ಲಿ ಗಮನಾರ್ಹ.

ನಮ್ಮ ಕಾಲದ ಕಾನೂನೂ ಇಲ್ಲದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಪಟ್ಟಣದ ಮರವನ್ನು ಕಡಿಯುವಂತಿಲ್ಲ. ಸಾರ್ವಜನಿಕ ಕಾಮಗಾರಿಗಾಗಿ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಾಗ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಬೇಕೆಂದು ತರುವಾಯದ ತಿದ್ದುಪಡಿ ಹೇಳುತ್ತದೆ. ಬೆಂಗಳೂರಿಗೆ ಇದು ಒಳ್ಳೆಯ ಕವಚ. ಒಂದು ಬೀದಿಯಲ್ಲಿ ಐವತ್ತು ಮರಗಳು ಸಾಲಾಗಿ ನಿಂತುದೇ ಅಪರೂಪವಾದ ಸಣ್ಣ ಪಟ್ಟಣಕ್ಕೆ ಈ ಸಂಖ್ಯೆಯಿಂದ ದೊರೆಯುವ ರಕ್ಷಣೆ ಅತ್ಯಲ್ಪ. ಮಹಾನಗರದಲ್ಲಿ ಐವತ್ತು ಮರ ಹೋದರೆ ಸುದ್ದಿ. ಇಲ್ಲಿ ಬಸ್ ನಿಲ್ದಾಣದ ಬಳಿಯ ಮೂರು ಮರ ಹೋದರೆ ಊರಿನ ಮಧ್ಯಾಹ್ನವೇ ಬೇರೆಯಾಗುತ್ತದೆ. ನ್ಯಾಸಧಾರಿಯು ನ್ಯಾಸದ ಒಂದು ಕಾಸನ್ನು ತೆಗೆದರೂ ಲೆಕ್ಕ ಒಪ್ಪಿಸತಕ್ಕವನು. ಐವತ್ತು ಕಾಸಿನ ಮೇಲಾದರೆ ಮಾತ್ರ ಎಂಬ ವಿನಾಯಿತಿ ಅವನಿಗೆ ಸಲ್ಲದು.

ರಸ್ತೆ ಅಗಲವಾಗಬೇಡವೇ ಎಂದು ಕೇಳುವವರಿದ್ದಾರೆ. ಹಂಗಾಮಿನಲ್ಲಿ ಕಬ್ಬು ತುಂಬಿದ ಜೋಡಿ ಡಬ್ಬಿಗಳ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೊರಟಾಗ ಇಕ್ಕಟ್ಟಿನ ರಸ್ತೆಯಲ್ಲಿ ಸಿಕ್ಕವರಿಗೆ ಆ ಪ್ರಶ್ನೆಯ ತೂಕ ಗೊತ್ತು. ಸತ್ತ ಮರ, ಬುಡ ಟೊಳ್ಳಾದ ಮರ, ಅಪಘಾತಕ್ಕೆ ಕಾರಣವಾಗುವ ಮರ ಹೋಗಬೇಕಾದುದೇ. ಮರವೆಂಬ ಕಾರಣದಿಂದ ಪ್ರತಿಯೊಂದನ್ನೂ ಪೂಜ್ಯವೆನ್ನುವುದು ವಿವೇಕವಲ್ಲ. ನನ್ನ ಆಕ್ಷೇಪವಿರುವುದು ಒಂದಕ್ಕೆ ಹತ್ತು ನೆಡುತ್ತೇವೆ ಎಂಬ ಸಮಾಧಾನದ ಮಾತಿಗೆ. ಮರದಲ್ಲಿ ನಾವು ಕಳೆದುಕೊಳ್ಳುವುದು ಕಾಲವನ್ನು, ಕಾಲವನ್ನು ಹತ್ತರಿಂದ ಗುಣಿಸಿ ಹಿಂದಕ್ಕೆ ಪಡೆಯಲಾಗದು. ಹತ್ತು ಸಸಿಗಳು ಸೇರಿ ಇಂದಿನ ಮುದುಕಿಗೆ ಇಂದಿನ ನೆರಳನ್ನು ಕೊಡಲಾರವು. ಬಂಗಾಳದ ಜೆಸ್ಸೋರ್ ರಸ್ತೆಯ ಮರಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೇಮಿಸಿದ ತಜ್ಞರ ಸಮಿತಿಯು 2021ರಲ್ಲಿ ಮರವೊಂದರ ಬೆಲೆ ವರ್ಷಕ್ಕೆ 74,500 ರೂಪಾಯಿಗಳೆಂದೂ, ಅದನ್ನು ಮರದ ವಯಸ್ಸಿನಿಂದ ಗುಣಿಸಬೇಕೆಂದೂ ಅಭಿಪ್ರಾಯಪಟ್ಟಿತು. ಈ ಮೊತ್ತವನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಮರದ ಬೆಲೆಯನ್ನು ದಿಮ್ಮಿಯ ಘನ ಅಡಿಯಿಂದ ಬಿಡಿಸಿ ವಯಸ್ಸಿಗೆ ಕಟ್ಟಿದುದು ಸರಿಯಾದ ಹೆಜ್ಜೆಯೆಂದು ನನಗೆ ತೋರುತ್ತದೆ.

ಸಾಲುಮರದ ತಿಮ್ಮಕ್ಕನವರ ಹೆಸರನ್ನು ಇಲ್ಲಿ ತೆಗೆಯದಿದ್ದರೆ ತಪ್ಪಾದೀತು. ಆದರೆ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಸಿಗಳನ್ನು ನೆಟ್ಟರೆಂದು ಮಾತ್ರ ಅವರನ್ನು ಕೊಂಡಾಡುವವರು, ಅವರೂ ಅವರ ಪತಿ ಚಿಕ್ಕಯ್ಯನವರೂ ಕೊಡಗಳಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ, ವರ್ಷಾನುವರ್ಷ ಆ ಸಸಿಗಳನ್ನು ದನಕರುಗಳ ಬಾಯಿಯಿಂದ ಕಾಯ್ದ ಭಾಗವನ್ನು ಬೇಗ ದಾಟಿಬಿಡುತ್ತಾರೆ. ಅವರಿಗೆ ಪದ್ಮಶ್ರೀ ಬಂದ 2019ರಲ್ಲಿಯೇ ರಸ್ತೆ ಅಗಲೀಕರಣದಿಂದ ಆ ಮರಗಳಿಗೂ ಕುತ್ತು ಬಂದಿತೆಂಬ ಸುದ್ದಿ ಹಬ್ಬಿ, ಸರಕಾರವು ಬೇರೆ ಮಾರ್ಗವನ್ನು ಹುಡುಕುವುದಾಗಿ ಹೇಳಬೇಕಾಯಿತು. ಅಷ್ಟು ಕೀರ್ತಿವಂತ ಮರಗಳಿಗೇ ಈ ಗತಿಯಾದರೆ ಹೆಸರಿಲ್ಲದ ಬೇವಿನ ಗಿಡದ ಪರವಾಗಿ ಮಾತನಾಡುವವರು ಯಾರು?

ಜನ ಒಗ್ಗೂಡಲಾರರೆಂಬ ನಿರಾಶೆಗೆ ಈ ನಾಡಿನಲ್ಲಿ ಎಡೆಯಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಮ್ಮದೇ ಹಣ, ತಮ್ಮದೇ ದುಡಿಮೆಯಿಂದ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರಾಯಿತು. ಅಷ್ಟು ದೊಡ್ಡ ನದಿಯನ್ನು ತಡೆದು ನಿಲ್ಲಿಸಿದ ಸೀಮೆಗೆ ಬೀದಿಯ ಗಿಡಗಳನ್ನು ಎಣಿಸಿ ಕಾಪಾಡುವುದು ಭಾರವಾದೀತೆಂದು ನಾನು ನಂಬಲಾರೆ. ಬೇಕಾದುದು ಬಹಳವಿಲ್ಲ. ಪ್ರತಿ ವಾರ್ಡಿನ ಮರಗಳ ಜಾತಿ, ಸುತ್ತಳತೆ, ಆರೋಗ್ಯಗಳನ್ನು ಬರೆದ ಒಂದು ವಹಿ. ಕೊಂಬೆ ಸವರುವುದನ್ನು ಕಲಿತ ಇಬ್ಬರು ಮೂವರು ಕೆಲಸಗಾರರು. ಒಂದೇ ಮರವಾದರೂ ಸರಿ, ಕಡಿಯುವ ಮೊದಲು ಅದರ ಮೇಲೆಯೇ ಕಾರಣ ಬರೆದು ತೂಗುಹಾಕಿ ಹದಿನೈದು ದಿನ ಕಾಯುವ ನಿಯಮ. ದಿಲ್ಲಿಯ ಮರಗಳಿಗಾಗಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2013ರಲ್ಲಿ ಆಜ್ಞಾಪಿಸಿದಂತೆ ಬುಡದ ಸುತ್ತ ಒಂದು ಮೀಟರು ಬರಿಯ ಮಣ್ಣು. ಇವುಗಳಲ್ಲಿ ಕೊನೆಯದಕ್ಕೆ ಖರ್ಚೂ ಇಲ್ಲ, ಸಿಮೆಂಟು ಉಳಿಯುತ್ತದೆ.

ಪುರಸಭೆಯ ಮುಂದಿನ ಆಯವ್ಯಯ ಪತ್ರದಲ್ಲಿ ಸಸಿ ನೆಡುವ ಬಾಬ್ತಿನ ಕೆಳಗೆ, ನೆಟ್ಟುದನ್ನು ಹತ್ತು ವರ್ಷ ಪಾಲಿಸುವ ಬಾಬ್ತೊಂದನ್ನು ಬರೆಯಬೇಕೆಂದು ತೇರದಾಳದ ವಾಚಕರು ತಮ್ಮ ವಾರ್ಡಿನ ಸದಸ್ಯರನ್ನು ಕೇಳಲಿ. ಆ ಹಣ ದೊರೆಯುವವರೆಗೆ ಹೊಸ ಸಸಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಅಡ್ಡಿಯಿಲ್ಲ.