ಜಾಲಿಗಿಡದ ಕೆಳಗಿನ ರೊಟ್ಟಿ

(ಓದತಕ್ಕ ಭಾಗಗಳು: 1 ಅರಸುಗಳು 19:1–8, ಮಾರ್ಕ 5:35–43)



ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಜಯ ಹೊಂದಿದ ಸಂಗತಿಯನ್ನು ನಮ್ಮ ಭಾನುವಾರದ ಶಾಲೆಯ ಮಕ್ಕಳೂ ಬಲ್ಲರು. ಅದರ ಮುಂದಿನ ಅಧ್ಯಾಯವನ್ನೋ ನಾವು ಸಭೆಯಲ್ಲಿ ಓದುವುದು ಅಪರೂಪ. ಅದೇ ಪ್ರವಾದಿಯು ಅರಸನ ರಥದ ಮುಂದೆ ಇಜ್ರೇಲಿನ ವರೆಗೆ ಓಡಿದನು. ಈಜೆಬೆಲಳ ಬೆದರಿಕೆಯನ್ನು ಕೇಳಿ ಬೇರ್ಷೆಬಕ್ಕೆ ಓಡಿಹೋದನು. ಸೇವಕನನ್ನು ಅಲ್ಲಿಯೇ ಬಿಟ್ಟು ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಜಾಲಿಗಿಡದ ಕೆಳಗೆ ಕುಳಿತು, ತನಗೆ ಸಾವು ಬರಲಿ ಎಂದು ಬೇಡಿಕೊಂಡನು.

ಇಂಥ ಮಾತನ್ನಾಡಿದ ಸೇವಕನಿಗೆ ದೇವರು ಏನು ಮಾಡಿದನು? ಅವಿಶ್ವಾಸಿ ಎಂದು ಗದರಿಸಲಿಲ್ಲ, ಉಪವಾಸವಿದ್ದು ಪ್ರಾರ್ಥಿಸೆಂದು ಹೇಳಲಿಲ್ಲ. ಮೊದಲು ಅವನನ್ನು ನಿದ್ರೆಮಾಡಗೊಟ್ಟನು. ಬಳಿಕ ದೂತನ ಕೈಯಿಂದ ಮುಟ್ಟಿ ಎಬ್ಬಿಸಿದನು. ತಲೆಯ ಬಳಿಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ಒಂದು ಪಾತ್ರೆ ನೀರೂ ಇದ್ದವು. ಎಲೀಯನು ತಿಂದು ಕುಡಿದು ತಿರಿಗಿ ಮಲಗಿಕೊಂಡನು. ದೂತನು ಅದಕ್ಕೂ ಬೇಸರಪಡದೆ ಎರಡನೆಯ ಸಾರಿ ಬಂದು, ಮುಂದಿನ ದಾರಿಯು ಅವನ ಶಕ್ತಿಗೆ ಮೀರಿದ್ದೆಂದು ತಿಳಿಸಿ, ಮತ್ತೂ ಉಣ್ಣುವಂತೆ ಹೇಳಿದನು. ಆ ಆಹಾರದ ಬಲದಿಂದ ಅವನು ನಲವತ್ತು ದಿನ ನಡೆದು ಹೋರೇಬನ್ನು ಸೇರಿದನು. ದೇವರು ಅವನನ್ನು ವಿಚಾರಿಸಿದ್ದೂ ಹೊಸ ಕೆಲಸವನ್ನು ಒಪ್ಪಿಸಿದ್ದೂ ಅಲ್ಲಿ, ರೊಟ್ಟಿಯೂ ನಿದ್ರೆಯೂ ಆದ ಮೇಲೆ. ಈ ಕ್ರಮವನ್ನು ಗಮನಿಸಿರಿ. ದೇಹವನ್ನು ಉಂಟುಮಾಡಿದಾತನು ಅದರ ಅಳತೆಯನ್ನು ಬಲ್ಲನು.

ನಮ್ಮ ಹಳ್ಳಿಗಳಲ್ಲಿಯಾದರೋ ಈ ಕ್ರಮವು ತಿರುವುಮುರುವಾಗಿದೆ. ಒಬ್ಬನಿಗೆ ಹತ್ತು ದಿನ ಜ್ವರ ಬಂದರೆ ಪಥ್ಯವೆಂದು ಹೇಳಿ ಬರಿಯ ಗಂಜಿತಿಳಿಯಲ್ಲಿ ಇಡುತ್ತಾರೆ. ಜ್ವರ ಬಿಟ್ಟ ಮಾರನೆಯ ದಿನವೇ ಕೂಲಿ ಹೋಯಿತೆಂಬ ಚಿಂತೆಯಿಂದ ಅವನು ಗುದ್ದಲಿ ಹಿಡಿಯುತ್ತಾನೆ. ಕಾಯಿಲೆಯಲ್ಲಿ ಮಲಗಿರುವಾಗ ಮಾಂಸಖಂಡಗಳು ಬೇಗ ಕರಗುತ್ತವೆ. ಮುದುಕರಲ್ಲಿ ಇನ್ನೂ ಬೇಗ. ಅವು ಮತ್ತೆ ಕಟ್ಟಿಕೊಳ್ಳಬೇಕಾದರೆ ಆಹಾರವೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವ ನಡಿಗೆಯೂ ರಾತ್ರಿಯ ನಿದ್ರೆಯೂ ಬೇಕು. ಮೂರರಲ್ಲಿ ಒಂದನ್ನು ಬಿಟ್ಟರೂ ಬಲವು ಹಿಂದಿರುಗುವುದು ತಡವಾಗುತ್ತದೆ. ಯಾಯೀರನ ಮಗಳ ಸಂಗತಿಯಲ್ಲಿ ಮಾರ್ಕನು ಇದನ್ನು ಎಷ್ಟು ಚಿಕ್ಕದಾಗಿ ಬರೆದಿದ್ದಾನೆ! ಹುಡುಗಿಯು ಎದ್ದಳು, ನಡೆದಾಡಿದಳು. ಮನೆಯವರು ಬೆರಗಾಗಿ ನಿಂತಿರುವಾಗ ಕರ್ತನು ಅವಳಿಗೆ ತಿನ್ನಲು ಏನಾದರೂ ಕೊಡಬೇಕೆಂದು ಅಪ್ಪಣೆಕೊಟ್ಟನು. ಸತ್ತವಳನ್ನು ಎಬ್ಬಿಸಿದಾತನು ಅವಳ ಹಸಿವನ್ನೂ ಅದ್ಭುತದಿಂದಲೇ ನೀಗಿಸಬಹುದಾಗಿತ್ತು. ಆ ಕೆಲಸವನ್ನು ಅವನು ಅಡಿಗೆಯ ಮನೆಗೆ ಬಿಟ್ಟನು.

ಭೇದಿಯಾದ ಕೂಸಿಗೆ ಹಾಲು ನೀರುಗಳನ್ನು ನಿಲ್ಲಿಸುವ ವಾಡಿಕೆಯು ಇನ್ನೂ ಕೆಲವು ಮನೆಗಳಲ್ಲಿ ಉಂಟು. ಇದರಿಂದ ಪ್ರಾಣ ಹೋಗುತ್ತದೆ, ಆದಕಾರಣ ಬಿಚ್ಚಿ ಹೇಳುತ್ತೇವೆ. 1971ರಲ್ಲಿ ಬಂಗಾಳದ ಬನಗಾಂವಿನಲ್ಲಿ ನಿರಾಶ್ರಿತರ ನಡುವೆ ವಾಂತಿಭೇದಿ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನೋಬಿಸರು ಉಪ್ಪು ಸಕ್ಕರೆ ಬೆರೆತ ನೀರನ್ನು ಕುಡಿಸಿ ಅಸಂಖ್ಯ ಜನರನ್ನು ಉಳಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಓಆರ್‌ಎಸ್ ಪೊಟ್ಟಣವು ಇಂದು ಆಶಾ ಕಾರ್ಯಕರ್ತೆಯ ಕೈಯಲ್ಲಿಯೇ ದೊರೆಯುತ್ತದೆ. ಅದು ಸಿಕ್ಕದ ವೇಳೆಯಲ್ಲಿ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಕರಗಿಸಿ ಕುಡಿಸಬೇಕು. ಉಪ್ಪು ಹೆಚ್ಚಾಗಬಾರದು. ತಾಯಿಯ ಹಾಲನ್ನು ಒಂದು ಹೊತ್ತೂ ನಿಲ್ಲಿಸಬಾರದು.

ಇನ್ನು ಉಣ್ಣತಕ್ಕದ್ದು ಯಾವುದು? ಕೋಲಾರ ತುಮಕೂರಿನ ಕಡೆಯವರಿಗೆ ದೇವರು ರಾಗಿಯನ್ನು ಕೊಟ್ಟಿದ್ದಾನೆ, ಧಾರವಾಡ ಗದಗಿನವರಿಗೆ ಜೋಳವನ್ನು, ಕರಾವಳಿಯವರಿಗೆ ಕುಚ್ಚಲಕ್ಕಿಯ ಗಂಜಿಯನ್ನೂ ಬೂತಾಯಿ ಮೀನನ್ನೂ. ನೂರು ಗ್ರಾಂ ರಾಗಿಯಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶವು 350 ಮಿಲಿಗ್ರಾಂ ಮಿಕ್ಕಿ ಇದೆ. ಬಿಳಿಯ ಅಕ್ಕಿಯಲ್ಲಿ ಹತ್ತೂ ಇಲ್ಲ. ಹೀಗಿದ್ದರೂ ಸ್ವಲ್ಪ ಅನುಕೂಲವಾದ ಕೂಡಲೆ ಮುದ್ದೆಯನ್ನು ಬಡತನದ ಗುರುತೆಂದು ಬಿಟ್ಟು ಬಿಳಿಯ ಅನ್ನಕ್ಕೆ ತಿರುಗಿದವರು ನಮ್ಮಲ್ಲಿ ಎಷ್ಟು ಮಂದಿ!

ಮಾಂಸಖಂಡವನ್ನು ಕಟ್ಟುವುದು ಸಸಾರಜನಕ, ಅಂದರೆ ಪ್ರೋಟೀನು. ಐವತ್ತು ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ ಸುಮಾರು 40 ಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರ ಲೆಕ್ಕ. ನೂರು ಗ್ರಾಂ ಹುರುಳಿಕಾಳಿನಲ್ಲಿ 20 ಗ್ರಾಂ ಮಿಕ್ಕಿ ಉಂಟು, ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಮನೆಯ ಕೋಳಿ ಇಟ್ಟ ಮೊಟ್ಟೆಯನ್ನೆಲ್ಲಾ ಸಂತೆಗೆ ಕಳುಹಿಸಿ, ಅದೇ ದುಡ್ಡಿನಿಂದ ಮಗನಿಗೆ ಚಿತ್ರದ ಡಬ್ಬಿಯಲ್ಲಿಟ್ಟ ಶಕ್ತಿಯ ಪುಡಿಯನ್ನು ಕೊಂಡು ತರುವವರನ್ನು ನಾವು ಕಂಡಿದ್ದೇವೆ. ಕೋಳಿಯು ಇದನ್ನು ಕಂಡು ನಕ್ಕರೆ ಅದನ್ನು ತಪ್ಪೆನ್ನಲಾಗದು.

ಈಗ ಕಠಿಣವಾದ ಮಾತಿಗೆ ಬರುತ್ತೇವೆ. ಕೊರಿಂಥದ ಸಭೆಯವರು ಕರ್ತನ ಭೋಜನಕ್ಕೆ ಕೂಡಿದಾಗ ಒಬ್ಬನು ಹಸಿದಿರುವನು, ಮತ್ತೊಬ್ಬನು ಮಿತಿಮೀರಿ ಕುಡಿದಿರುವನು ಎಂಬುದಕ್ಕಾಗಿ ಪೌಲನು ಅವರನ್ನು ಖಂಡಿಸಿದನು. ಆ ಹಸಿದವನು ನಮ್ಮ ಮನೆಯಲ್ಲಿ ಯಾರು? ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆಯು ಉಂಡ ಮೇಲೆ ಪಾತ್ರೆಯ ತಳವನ್ನು ಕೆರೆದು ಉಣ್ಣುವ ಸೊಸೆಯಲ್ಲವೇ? 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರೊಳಗೆ ನೂರಕ್ಕೆ 57 ಮಂದಿಗೆ ರಕ್ತಹೀನತೆ ಉಂಟು. ಹೊಲದಲ್ಲಿ ನಾಟಿ ಮಾಡಿ, ನೀರು ಹೊತ್ತು, ಮೊಲೆಯೂಡಿಸುವವಳು ಅವಳೇ. ಅವಳಿಗೆ ತಲೆಸುತ್ತು ಬಂದರೆ ಸೋಮಾರಿತನವೆನ್ನುತ್ತೇವೆ! ಪವಿತ್ರ ಭೋಜನದ ರೊಟ್ಟಿಯನ್ನು ಸಮವಾಗಿ ಮುರಿದು ಹಂಚುವ ನಾವು ಮನೆಯ ರೊಟ್ಟಿಯನ್ನು ಹೇಗೆ ಹಂಚುತ್ತೇವೆಂಬುದನ್ನು ಕರ್ತನು ನೋಡುವುದಿಲ್ಲವೋ? ಎಲ್ಲರೂ ಒಂದೇ ಹೊತ್ತಿಗೆ ಕುಳಿತು ಉಣ್ಣುವ ಪದ್ಧತಿಯನ್ನು ಪ್ರತಿಯೊಬ್ಬ ಯಜಮಾನನು ಈ ವಾರದಿಂದಲೇ ತನ್ನ ಮನೆಯಲ್ಲಿ ಆರಂಭಿಸಲಿ. ನುಗ್ಗೆಸೊಪ್ಪು, ಹರಿವೆಸೊಪ್ಪು, ಕಾಳುಗಳ ಸಂಗಡ ನಿಂಬೆಯ ಹುಳಿ ಸೇರಿದರೆ ಅವುಗಳಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚು ಹತ್ತುತ್ತದೆ. ಊಟದ ಸಂಗಡ ಚಹ ಕುಡಿದರೆ ಅದು ತಡೆಯಲ್ಪಡುತ್ತದೆ, ಚಹಕ್ಕೆ ಒಂದು ಗಂಟೆ ಕಾಯಬಹುದು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆಯನ್ನು ಗಾಡಿನ ಸಂದಿನಲ್ಲಿ ಇಟ್ಟು ಮರೆಯಬಾರದು.

ದೇಹಸಾಧನೆಯನ್ನು ಕುರಿತು ಪೌಲನು ತಿಮೊಥೆಯನಿಗೆ ಬರೆದ ಮಾತನ್ನು ಕೆಲವರು ಸೋಮಾರಿತನಕ್ಕೆ ಆಧಾರಮಾಡುತ್ತಾರೆ. ಅದರ ಪ್ರಯೋಜನವು ಭಕ್ತಿಯ ಪ್ರಯೋಜನಕ್ಕಿಂತ ಸ್ವಲ್ಪವೆಂದು ಅವನು ಹೇಳಿದನೇ ಹೊರತು ಇಲ್ಲವೆಂದು ಹೇಳಲಿಲ್ಲ. ಅವನಂತೂ ದೇಶದೇಶ ನಡೆದವನು. ಹೊಲದಲ್ಲಿ ದುಡಿಯುವವರಿಗೆ ಬೇರೆ ಕಸರತ್ತು ಬೇಕಿಲ್ಲ. ಅಂಗಡಿಯಲ್ಲಿ ಕುಳಿತಿರುವವರಿಗೂ ಹಿತ್ತಲಿಗೆ ಹೋಗುವುದಕ್ಕೂ ಮೋಟರ್ ಸೈಕಲ್ ಹತ್ತುವ ನಮ್ಮ ಯೌವನಸ್ಥರಿಗೂ ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ನಡೆಯಬೇಕೆಂದು ಲೋಕದ ಆರೋಗ್ಯ ಸಂಸ್ಥೆಯು ಹೇಳುತ್ತದೆ. ದೇವಾಲಯಕ್ಕೆ ನಡೆದು ಬರುವುದೂ ಆ ಲೆಕ್ಕಕ್ಕೆ ಸೇರುತ್ತದೆ.

ವಿಶ್ರಾಂತಿಯ ದಿನದ ಆಜ್ಞೆಯಲ್ಲಿ ಮನೆಯ ಯಜಮಾನನ ಹೆಸರಿನೊಂದಿಗೆ ಅವನ ಆಳೂ ಎತ್ತೂ ಕತ್ತೆಯೂ ಸೇರಿವೆ. ನಮ್ಮೊಳಗೆ ತೋಟವನ್ನೋ ಇಟ್ಟಿಗೆಯ ಗೂಡನ್ನೋ ಇಟ್ಟುಕೊಂಡವರು ಇದನ್ನು ಇನ್ನೊಂದಾವೃತ್ತಿ ಓದಲಿ. ಕಾಯಿಲೆಯಿಂದ ಎದ್ದ ಕೂಲಿಯವನಿಗೆ ಎರಡು ವಾರ ಹಗುರವಾದ ಕೆಲಸವನ್ನು ಅದೇ ಕೂಲಿಗೆ ಕೊಡುವುದು ಧರ್ಮವಲ್ಲ, ನ್ಯಾಯ.

ಕಡೆಯದಾಗಿ ಕ್ಷಯರೋಗದ ವಿಷಯ. ನಮ್ಮ ಸಭೆಗಳಲ್ಲಿ ಈ ಕಾಯಿಲೆಯ ಮನೆಗಳು ಇವೆ. ನಾಚಿಕೆಯಿಂದ ಬಾಗಿಲು ಮುಚ್ಚಿಕೊಂಡಿವೆ. ಮಂಗಳೂರಿನ ಯೇನೆಪೋಯ ವೈದ್ಯ ಕಾಲೇಜಿನ ಡಾಕ್ಟರ್ ಅನುರಾಗ್ ಭಾರ್ಗವರೂ ಡಾಕ್ಟರ್ ಮಾಧವಿ ಭಾರ್ಗವರೂ ಸಂಗಡಿಗರೂ 2019ರಿಂದ 2022ರ ವರೆಗೆ ಝಾರ್ಖಂಡದಲ್ಲಿ 2,800 ರೋಗಿಗಳನ್ನೂ ಅವರ ಮನೆಯವರಾದ ಹತ್ತು ಸಾವಿರಕ್ಕೂ ಮಿಕ್ಕ ಜನರನ್ನೂ ಪರೀಕ್ಷಿಸಿ ನೋಡಿದರು. ರೋಗಿಗಳೆಲ್ಲರಿಗೂ ಔಷಧದೊಡನೆ ತಿಂಗಳಿಗೆ 10 ಕಿಲೋ ಆಹಾರ ದೊರೆಯಿತು. ಮನೆಯವರಲ್ಲಿ ಒಂದು ಪಾಲಿನವರಿಗೆ ತಲೆಗೆ 5 ಕಿಲೋ ಅಕ್ಕಿಯೂ ಒಂದೂವರೆ ಕಿಲೋ ಬೇಳೆಯೂ ಜೀವಸತ್ವದ ಗುಳಿಗೆಯೂ ದೊರೆತವು. ಹೀಗೆ ಉಂಡ ಮನೆಯವರಲ್ಲಿ ಹೊಸದಾಗಿ ಕ್ಷಯ ಹತ್ತಿದ್ದು, ಉಣ್ಣದವರಿಗಿಂತ ನೂರಕ್ಕೆ 39ರಷ್ಟು ಕಡಮೆ. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರೊಳಗೆ ಸಾವು ಬಹಳ ಕಡಮೆಯಾಗಿತ್ತು. ಔಷಧವನ್ನು ಬಿಟ್ಟು ಆಹಾರವಲ್ಲ, ಔಷಧದ ಸಂಗಡ ಆಹಾರ. ಇದು ನಿಮ್ಮ ಮನಸ್ಸಿನಲ್ಲಿರಲಿ.

ಸರಕಾರದವರು ಚಿಕಿತ್ಸೆಯ ಕಾಲದಲ್ಲಿ ರೋಗಿಯ ಬ್ಯಾಂಕಿನ ಲೆಕ್ಕಕ್ಕೆ ಪೋಷಣೆಗಾಗಿ ಹಣ ಕಳುಹಿಸುವ ಏರ್ಪಾಡನ್ನು 2018ರಲ್ಲಿ ಆರಂಭಿಸಿದರು. ಆಗ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಹೆಸರು ದಾಖಲಾಗದವರನ್ನು ಸಭೆಯ ಹಿರಿಯರು ಆಸ್ಪತ್ರೆಗೆ ಕರೆದುಕೊಂಡು ಹೋಗಿ ದಾಖಲು ಮಾಡಿಸಲಿ. ಮಿಕ್ಕದ್ದು ನಮ್ಮ ಕೈಯಲ್ಲಿದೆ. ಸುಗ್ಗಿಯ ಸ್ತೋತ್ರಾರಾಧನೆಗೆ ನಾವು ತರುವ ಧಾನ್ಯವನ್ನು ಪ್ರತಿವರುಷವೂ ಹರಾಜು ಹಾಕಿ ಹಣವನ್ನು ಪೆಟ್ಟಿಗೆಗೆ ಸೇರಿಸುತ್ತೇವೆ. ಈ ವರುಷ ಹರಾಜಿಗೆ ಮೊದಲು ರಾಗಿ, ಜೋಳ, ಹುರುಳಿ, ತೊಗರಿಗಳಲ್ಲಿ ಒಂದು ಪಾಲನ್ನು ಬೇರೆ ತೆಗೆದಿಟ್ಟು, ಅಂಥ ಮನೆಗಳಿಗೆ ಚಿಕಿತ್ಸೆಯ ಆರು ತಿಂಗಳೂ ತಿಂಗಳು ತಿಂಗಳು ಕತ್ತಲಾದ ಮೇಲೆ, ಯಾರೂ ಕಾಣದ ಹಾಗೆ, ತಲಪಿಸಬೇಕೆಂದು ಬೇಡಿಕೊಳ್ಳುತ್ತೇವೆ. ಕಾಳು ತರುವವರು ಕಲ್ಲು ಆರಿಸಿ ಕೇರಿ ತರಲಿ. ಕಾಯಿಲೆಯ ಮನೆಯಲ್ಲಿ ಆ ಕೆಲಸಕ್ಕೆ ಕೈಗಳು ಕಡಮೆ.