ಮಳೆಹನಿಯ ಶಕ್ತಿ ಎಲ್ಲಿ ಹೋಯಿತು?

ಸುಮಾ: ಸರ್, ಬೀಳುವ ವಸ್ತು ಎತ್ತರ ಕಳೆದುಕೊಂಡಷ್ಟೂ ಅದರ ಚಲನಶಕ್ತಿ ಹೆಚ್ಚಬೇಕು. ಆದರೆ ಮಳೆಹನಿ ಮೋಡ ಬಿಟ್ಟು ಸ್ವಲ್ಪ ದೂರ ಬರುವಷ್ಟರಲ್ಲೇ ಒಂದು ವೇಗ ಹಿಡಿದು, ಅದೇ ವೇಗದಲ್ಲಿ ನೆಲದವರೆಗೂ ಇಳಿಯುತ್ತದೆ. ಎತ್ತರವಂತೂ ಕಳೆಯಿತು, ವೇಗ ಏರಲಿಲ್ಲ. ನಡುವಿನ ಶಕ್ತಿ ಏನಾಯಿತು?

ಮೇಷ್ಟ್ರು: ಮೊದಲು ಎಷ್ಟು ಶಕ್ತಿ ಎಂದು ಲೆಕ್ಕ ಹಾಕು. 2 ಮಿಲಿಮೀಟರ್ ದಪ್ಪದ ಹನಿ, 2 ಕಿಲೋಮೀಟರ್ ಎತ್ತರ.

ಸುಮಾ: ಗಾಳಿಯೇ ಇಲ್ಲದಿದ್ದರೆ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 200 ಮೀಟರ್ ವೇಗ, ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು. ನಿಜವಾದ ಹನಿ ಬರುವುದು ಸೆಕೆಂಡಿಗೆ ಸುಮಾರು ಆರೂವರೆ ಮೀಟರ್ ವೇಗದಲ್ಲಿ.

ಮೇಷ್ಟ್ರು: ಅಂಥ ಹನಿಗಳ ಒಂದು ಲೀಟರ್ ನೀರು ಅಷ್ಟು ಎತ್ತರದಿಂದ ಇಳಿದರೆ ಸುಮಾರು 19,600 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಅದರಲ್ಲಿ ನೆಲಕ್ಕೆ ತಲುಪುವುದು 21 ಜೂಲ್, ಸಾವಿರಕ್ಕೆ ಒಂದು ಪಾಲು. ಮಿಕ್ಕದ್ದೆಲ್ಲ ದಾರಿಯಲ್ಲೇ ಗಾಳಿಗೆ ಸಂದಾಯ.

ಸುಮಾ: ಗಾಳಿ ಅದನ್ನು ಹೇಗೆ ಪಡೆಯುತ್ತದೆ?

ಮೇಷ್ಟ್ರು: ಹನಿ ಗಾಳಿಯನ್ನು ತಳ್ಳಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಅದರ ಬೆನ್ನಹಿಂದೆ ಸುಳಿಗಳೇಳುತ್ತವೆ. ಸುಳಿಗಳ ಪದರಗಳು ಒಂದಕ್ಕೊಂದು ಉಜ್ಜಿಕೊಂಡು ಕರಗುತ್ತವೆ. ಕೊನೆಗೆ ಉಳಿಯುವುದು ಅಣುಗಳ ಗೊತ್ತುಗುರಿಯಿಲ್ಲದ ಓಡಾಟ. ಅದನ್ನೇ ನಾವು ಶಾಖ ಎನ್ನುತ್ತೇವೆ. ಹನಿಯ ತೂಕಕ್ಕೆ ಗಾಳಿಯ ತಡೆ ಸಮವಾದ ಮೇಲೆ, ಇಳಿಯುವ ಒಂದೊಂದು ಮೀಟರಿನ ಶಕ್ತಿಯೂ ಹೀಗೆಯೇ ಗಾಳಿಗೆ ಸೇರುತ್ತದೆ.

ಸುಮಾ: ಹಾಗಾದರೆ ಏನೂ ನಷ್ಟವಾಗಿಲ್ಲ. ಮತ್ತೆ ನಷ್ಟ ಎಂದೇಕೆ ಹೇಳುತ್ತೇವೆ?

ಮೇಷ್ಟ್ರು: ತೇರೆಳೆಯುವಾಗ ನೂರಾರು ಜನ ಒಂದೇ ದಿಕ್ಕಿಗೆ ಹಗ್ಗ ಜಗ್ಗುತ್ತಾರೆ, ತೇರು ಚಲಿಸುತ್ತದೆ. ಆಮೇಲೆ ಅದೇ ಜನ ಜಾತ್ರೆಯಲ್ಲಿ ಚದುರಿ ಓಡಾಡುತ್ತಾರೆ. ಜನ ಅಷ್ಟೇ, ನಡಿಗೆಯೂ ಅಷ್ಟೇ, ತೇರು ಮಾತ್ರ ಕದಲದು. ಬೀಳುವ ಹನಿಯ ಅಣುಗಳೆಲ್ಲ ಒಟ್ಟಾಗಿ ಕೆಳಕ್ಕೆ ಬರುತ್ತಿದ್ದವು. ಗಾಳಿಗೆ ಹೋದ ಶಕ್ತಿಗೆ ಆ ಒಮ್ಮುಖ ಇಲ್ಲ. ಮೊತ್ತ ಉಳಿಯಿತು, ದಿಕ್ಕು ಅಳಿಯಿತು.

ಸುಮಾ: ಆದರೆ ನ್ಯೂಟನ್ನನ ನಿಯಮಗಳಿಗೆ ಕಾಲದ ಹಿಂದುಮುಂದಿನ ಭೇದವಿಲ್ಲವಲ್ಲ ಸರ್! ಅಣುಗಳೆಲ್ಲ ಏಕಕಾಲಕ್ಕೆ ತಿರುಗಿ ಬಂದರೆ ಹನಿ ಮೇಲೇರಬೇಕು. ಅದನ್ನು ಯಾವ ನಿಯಮ ತಡೆಯುತ್ತದೆ?

ಮೇಷ್ಟ್ರು: ಚಲನೆಯ ಯಾವ ನಿಯಮವೂ ತಡೆಯುವುದಿಲ್ಲ. ಭೌತವಿಜ್ಞಾನಿ ಬೋಲ್ಟ್ಸ್‌ಮನ್ ತೋರಿಸಿಕೊಟ್ಟದ್ದು ಇದನ್ನೇ. ಚದುರಿ ಇರುವುದಕ್ಕೆ ಲೆಕ್ಕವಿಲ್ಲದಷ್ಟು ಬಗೆಗಳಿವೆ, ಒಟ್ಟುಗೂಡುವುದಕ್ಕೆ ಬೆರಳೆಣಿಕೆಯಷ್ಟು. ವಿಶ್ವದ ಆಯುಷ್ಯವೆಲ್ಲ ಕಾದರೂ ಆ ಕೆಲವು ಬಗೆಗಳ ಸರದಿ ಬಾರದು.

ಸುಮಾ: ಅಂದರೆ ಅದು ನಮ್ಮ ಕೈಲಾಗದ ಮಾತು. ಪ್ರಕೃತಿಯ ದೃಷ್ಟಿಯಲ್ಲಿ ನಷ್ಟವೇ ಇಲ್ಲ.

ಮೇಷ್ಟ್ರು: ಅದನ್ನು ಒಪ್ಪಲಾರೆ. ಎಷ್ಟೇ ಜಾಣತನದ ಯಂತ್ರವಾದರೂ, ಗಾಳಿಗಿಂತ ತಣ್ಣನೆಯ ಜಾಗ ಇಲ್ಲದೆ ಅದರ ಶಾಖದಿಂದ ಕೆಲಸ ತೆಗೆಯುತ್ತಲೇ ಇರಲಾರದು. ಈ ಮಿತಿ ಮನುಷ್ಯನ ಅಭಿಪ್ರಾಯವಲ್ಲ, ಜಗತ್ತಿನ ಕಟ್ಟಳೆ.

ಸುಮಾ: ಆ ಶಾಖವನ್ನು ಅಳೆದು ನೋಡಬಹುದೇ?

ಮೇಷ್ಟ್ರು: ವಿಜ್ಞಾನಿ ಜೂಲ್ 1847ರಲ್ಲಿ ಆಲ್ಪ್ಸ್ ಪರ್ವತದ ಜಲಪಾತವೊಂದರಲ್ಲಿ ಪ್ರಯತ್ನಿಸಿದ. ಬಿದ್ದ ನೀರು ತುಸು ಬೆಚ್ಚಗಿರಬೇಕೆಂಬುದು ಅವನ ಲೆಕ್ಕ. ಅಲ್ಲಿ ನೀರು ಗಾಳಿಯಲ್ಲೇ ಒಡೆದು ತುಂತುರಾಗಿ, ಅಳತೆ ಸಾಧ್ಯವಾಗಲಿಲ್ಲ. ನಮ್ಮ ಜೋಗದ 253 ಮೀಟರಿಗೂ ಆ ಲೆಕ್ಕದಲ್ಲಿ ಏರಿಕೆ 0.6 ಡಿಗ್ರಿ ಸೆಲ್ಸಿಯಸ್ ಅಷ್ಟೇ. ತುಂತುರು ಆವಿಯಾಗಿ ತಣಿದರೆ ಅದೂ ಮರೆಯಾಗುತ್ತದೆ.

ಸುಮಾ: ಹಾಗಿದ್ದರೆ ಗಾಳಿಯ ತಡೆ ಬರೀ ಹಾಳುಮಾಡುವ ಬಲ ಅಂತಲೇ?

ಮೇಷ್ಟ್ರು: ಅದೇ ತಡೆ ಇಲ್ಲದಿದ್ದರೆ ಸೆಕೆಂಡಿಗೆ 200 ಮೀಟರ್ ವೇಗದ ಮಳೆಗೆ ಯಾವ ಎಲೆ ಉಳಿಯುತ್ತಿತ್ತು, ಯಾವ ಪೈರು ನಿಲ್ಲುತ್ತಿತ್ತು? ಮಿಕ್ಕ 21 ಜೂಲ್ ಕೂಡ ಬರಿನೆಲದ ಮಣ್ಣನ್ನು ಎಬ್ಬಿಸುತ್ತದೆ. ನಮಗೆ ದಕ್ಕದೆ ಗಾಳಿಗೆ ಹೋದ ಆ ಶಕ್ತಿ ನಮ್ಮನ್ನು ಕಾಯ್ದಿದೆ. ಉಪಯೋಗಕ್ಕೆ ಬಾರದ್ದೆಲ್ಲ ವ್ಯರ್ಥವಲ್ಲ.

ಸುಮಾ: ನಮ್ಮ ಪುಸ್ತಕದ ಲೆಕ್ಕಗಳಲ್ಲಿ ‘ಗಾಳಿಯ ಪ್ರತಿರೋಧವನ್ನು ಉಪೇಕ್ಷಿಸಿ’ ಎಂದೇ ಇರುತ್ತದೆ.

ಮೇಷ್ಟ್ರು: ಕಲಿಕೆಯ ಮೊದಲ ಮೆಟ್ಟಿಲಿಗೆ ಅದು ಸರಿ. ಆದರೆ ಕಲಿಸುವವರು ಒಮ್ಮೆಯಾದರೂ ಆ ಸಾಲನ್ನು ಹೊಡೆದುಹಾಕಿ, ಅದೇ ಲೆಕ್ಕವನ್ನು ಮಕ್ಕಳಿಂದ ಮತ್ತೆ ಮಾಡಿಸಬೇಕು. ಶಕ್ತಿ ಅಳಿಯುವುದಿಲ್ಲ ಎಂಬ ಪಾಠ, ಅದು ಎಲ್ಲಿ ಸೇರಿತು ಎಂದು ಕೇಳಿದ ದಿನವೇ ಪೂರ್ತಿಯಾಗುವುದು.